ನಡಾವಳಿ ಪುಸ್ತಕದ ಸದಸ್ಯರು
ನಾಲ್ಕು ತಾಲ್ಲೂಕುಗಳಲ್ಲಿ ಶಾಲೆಗೆ ನಡೆದ ಚುನಾವಣೆಗಳ ಕಥೆ

ಶಾಲೆಯ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಮೊದಲು ಹೋಗಿ ನೋಡಿದ್ದು ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯನ್ನು. ಅಲ್ಲಿ ಹಸಿರು ಬಣ್ಣದ ಹಲಗೆಯ ಮೇಲೆ ಸೇವೆ ಸಲ್ಲಿಸಿದ ಮುಖ್ಯ ಶಿಕ್ಷಕರ ಪಟ್ಟಿ ಇದೆ. ಕೊಠಡಿ ಕಟ್ಟಿಸಿಕೊಟ್ಟ ದಾನಿಗಳ ಹೆಸರು ಬಾಗಿಲ ಪಕ್ಕದ ಕಲ್ಲಿನ ಮೇಲಿದೆ. ಶಂಕುಸ್ಥಾಪನೆ ಮಾಡಿದ ಶಾಸಕರ ಹೆಸರು ಇನ್ನೊಂದು ಕಲ್ಲಿನಲ್ಲಿದೆ. ಊರಿನವರೇ ಕೈಯೆತ್ತಿ ಆರಿಸಿದ, ಸಂಬಳವಿಲ್ಲದೆ ಈ ಶಾಲೆಯನ್ನು ಮೂರು ಮೂರು ವರ್ಷ ನೋಡಿಕೊಂಡ ಸದಸ್ಯರ ಹೆಸರು ಮಾತ್ರ ಯಾವ ಗೋಡೆಯ ಮೇಲೂ ಇಲ್ಲ. ಅವು ಇರುವುದು ಬೀರುವಿನ ಕೆಳಗಿನ ಖಾನೆಯಲ್ಲಿ, ದಾರ ಸಡಿಲವಾದ ನಡಾವಳಿ ಪುಸ್ತಕಗಳಲ್ಲಿ. ಒಂದೊಂದು ಸಭೆಯ ಕೊನೆಗೆ ಸಾಲು ಸಾಲು ಸಹಿ. ನಡುವೆ ಅಲ್ಲಲ್ಲಿ ಶಾಯಿ ಹರಡಿದ ಹೆಬ್ಬೆಟ್ಟಿನ ಗುರುತು.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ, ಮುಖ್ಯ ಶಿಕ್ಷಕನಾಗಿ ನಿವೃತ್ತನಾದವನು. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ಊರುಗಳಲ್ಲಿದ್ದು, ಕೊನೆಗೆ ಚಿಕ್ಕಬಳ್ಳಾಪುರಕ್ಕೆ ಬಂದೆ. ಶಾಲೆಯ ಚುನಾವಣೆಗಳನ್ನು ನಡೆಸಿದ್ದೇನೆ, ಕೆಲವನ್ನು ಸರಿಯಾಗಿ ನಡೆಸಲಾಗದೆ ನೊಂದಿದ್ದೇನೆ. ಶಾಲೆಯನ್ನು ಆಳುವ ಹಕ್ಕು ಊರಿನವರ ಕೈಗೆ ಹೇಗೆ ಬಂತು, ಎಷ್ಟು ಸಲ ಬಂದು ಎಷ್ಟು ಸಲ ಹೋಯಿತು ಎಂಬುದನ್ನು ನನಗೆ ತಿಳಿದಷ್ಟು ಬರೆದಿಡಬೇಕೆಂಬುದು ಈ ಲೇಖನದ ಆಸೆ.

ದಿವಾನರ ಜಿಲ್ಲೆ, ಬೋರ್ಡಿನ ಕಾಲ

ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಇರುವ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗ 1912ರಲ್ಲಿ ಮೈಸೂರಿನ ದಿವಾನರಾದರು. ಸರ್ ಎಂ. ವಿಶ್ವೇಶ್ವರಯ್ಯ ಎಂದ ಕೂಡಲೇ ಜನ ಕನ್ನಂಬಾಡಿ ಕಟ್ಟೆಯನ್ನು ನೆನೆಯುತ್ತಾರೆ. ಶಾಲೆಯಲ್ಲಿ ಬದುಕು ಸವೆಸಿದ ನನಗೆ ನೆನಪಾಗುವುದು 1913ರ ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್. ಮಕ್ಕಳನ್ನು ಶಾಲೆಗೆ ಕಳಿಸುವುದು ತಂದೆತಾಯಿಗಳ ಇಷ್ಟಕ್ಕೆ ಬಿಟ್ಟ ವಿಷಯವಲ್ಲ ಎಂಬ ಮಾತು ಆಯ್ದ ಕೆಲವು ಕೇಂದ್ರಗಳಲ್ಲಿಯಾದರೂ ಕಾನೂನಾಯಿತು. ಅವರು ದಿವಾನಗಿರಿಗೆ ಬಂದಾಗ ಸಂಸ್ಥಾನದಲ್ಲಿ ಸುಮಾರು 4,500 ಶಾಲೆಗಳಿದ್ದವು. 1918ರಲ್ಲಿ ಅವರು ಕೆಳಗಿಳಿಯುವ ಹೊತ್ತಿಗೆ ಆ ಸಂಖ್ಯೆ ಎರಡರಷ್ಟನ್ನೂ ಮೀರಿತ್ತು. ಅದೇ ದಶಕದಲ್ಲಿ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಸಿ.ಆರ್. ರೆಡ್ಡಿಯವರು ಅಸ್ಪೃಶ್ಯರೆಂದು ಹೊರಗಿಟ್ಟಿದ್ದ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ತೆರೆಯಬೇಕೆಂದು ಗಟ್ಟಿಯಾಗಿ ನಿಂತರು.

ಶಾಲೆ ಬಂತು. ಆದರೆ ಅದು ಮೇಲಿನಿಂದ ಇಳಿದು ಬಂದ ಶಾಲೆ. ಅಮಲ್ದಾರರು ಬಂದಂತೆ ಇನ್‌ಸ್ಪೆಕ್ಟರು ಬರುತ್ತಿದ್ದರು, ಊರಿನವರು ಎದ್ದು ನಿಂತು ಕೈಮುಗಿಯುತ್ತಿದ್ದರು. ಊರಿನವರಿಗೂ ಶಾಲೆಯ ಆಡಳಿತದಲ್ಲಿ ಮಾತಿರಬೇಕು ಎಂಬ ಯೋಚನೆ ಬಲವಾಗಿ ಕಾಣಿಸಿಕೊಂಡಿದ್ದು 1930ರ ಪ್ರಾಥಮಿಕ ಶಿಕ್ಷಣ ಕಾಯ್ದೆಯಲ್ಲಿ. ಪ್ರಾಥಮಿಕ ಶಾಲೆಗಳ ಹೊಣೆಯನ್ನು ಆಗ ಸ್ಥಳೀಯ ಸಂಸ್ಥೆಗಳ ಕೈಗೆ ಒಪ್ಪಿಸಲಾಯಿತು. ಇಂದಿನ ನಮ್ಮ ತಾಲ್ಲೂಕುಗಳೆಲ್ಲ ಆಗ ಕೋಲಾರ ಜಿಲ್ಲೆಗೆ ಸೇರಿದ್ದವು. ಜಿಲ್ಲಾ ಬೋರ್ಡಿಗೆ ಆರಿಸಿ ಹೋದವರು ರಸ್ತೆ, ಛತ್ರ, ಆಸ್ಪತ್ರೆಯ ಜೊತೆಗೆ ಶಾಲೆಯ ಬಗ್ಗೆಯೂ ಉತ್ತರ ಹೇಳಬೇಕಾದ ಕಾಲ ಅದು. ಮತ ಹಾಕುವ ಹಕ್ಕು ಕಂದಾಯ ಕಟ್ಟುವವರಿಗೆ, ಓದು ಬಲ್ಲವರಿಗೆ ಎಂಬಂತೆ ಕೆಲವರಿಗೆ ಮಾತ್ರ ಇತ್ತು. ಆದರೂ ಶಾಲೆಯ ವಿಷಯಕ್ಕೆ ಮತ ಕೇಳುವ ಮನುಷ್ಯ ಮೊದಲ ಸಲ ಹಳ್ಳಿಯ ಕಟ್ಟೆಯ ಮೇಲೆ ಬಂದು ಕುಳಿತ.

ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರದ ಕಡೆ ಇದು ಇನ್ನೂ ಸ್ಪಷ್ಟವಾಗಿತ್ತು. ಅಲ್ಲಿ 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆಯಂತೆ ಸ್ಕೂಲ್ ಬೋರ್ಡುಗಳೇ ಇದ್ದವು. ಆ ಸೀಮೆಯ ಹಿರಿಯರ ಬಾಯಲ್ಲಿ ಸ್ಕೂಲ್ ಬೋರ್ಡಿನ ಚೇರ್ಮನ್ನರೆಂದರೆ ಅದು ತೂಕದ ಮಾತು. ಮೈಸೂರಿನಲ್ಲಿ ಆ ಬೇರು ಅಷ್ಟು ಆಳಕ್ಕೆ ಇಳಿಯಲಿಲ್ಲ. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ, 1941ರಲ್ಲಿ, ಪ್ರಾಥಮಿಕ ಶಿಕ್ಷಣದ ಆಡಳಿತವನ್ನು ಸರ್ಕಾರ ಮರಳಿ ತನ್ನ ಕೈಗೆ ತೆಗೆದುಕೊಂಡಿತು. ಕೊಟ್ಟದ್ದನ್ನು ಹಿಂದಕ್ಕೆ ಪಡೆದ ಮೊದಲ ಪ್ರಸಂಗ ಇದು.

ಹೊಸೂರಿನಿಂದ ನಡೆದು ಹೋದ ಹುಡುಗ

ಅದೇ ಕಾಲದಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಬಡ ಹುಡುಗ ಬೆಂಗಳೂರಿಗೆ ಹೊರಟ. ಊರಿನ ಶಾಲೆಯ ಓದು ಮುಗಿದಿತ್ತು, ಮುಂದಕ್ಕೆ ಹತ್ತಿರದಲ್ಲಿ ದಾರಿಯಿರಲಿಲ್ಲ, ಬಸ್ಸಿಗೆ ಕಾಸಿರಲಿಲ್ಲ. 1935ರಲ್ಲಿ ಎರಡು ದಿನ ನಡೆದು ಬಸವನಗುಡಿ ಸೇರಿದ. 1917ರಲ್ಲಿ ಆರಂಭವಾಗಿದ್ದ ನ್ಯಾಷನಲ್ ಹೈಸ್ಕೂಲಿಗೆ ಸೇರಿಕೊಂಡ. ಆ ಹುಡುಗನೇ ಮುಂದೆ ಡಾ. ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್. ಹುಟ್ಟಿದ್ದು 1920ರ ಜೂನ್ 6. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದು ಅದೇ ಕಾಲೇಜಿನ ಪ್ರಾಂಶುಪಾಲರಾದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪದ್ಮಭೂಷಣ ಬಂದ ಮೇಲೂ ಅವರ ಮನೆಯೆಂದರೆ ವಿದ್ಯಾರ್ಥಿನಿಲಯದ ಒಂದು ಕೋಣೆ, ಉಡುಪೆಂದರೆ ಖಾದಿ ಪಂಚೆ, ಜುಬ್ಬ, ಟೋಪಿ.

ಎಚ್ಚೆನ್ ಅವರನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಸರ್ಕಾರದ ಶಾಲೆಯಲ್ಲಿ ಊರಿನವರಿಗೆ ಮಾತಿಲ್ಲದಿದ್ದ ಕಾಲದಲ್ಲಿ, ಶಿಕ್ಷಣದ ಆಡಳಿತದಲ್ಲಿ ಸಾರ್ವಜನಿಕ ಮನುಷ್ಯ ಹೇಗಿರಬೇಕೆಂಬುದನ್ನು ನಮಗೆ ಕಾಣಿಸಿದ್ದು ಇಂಥವರು ನಡೆಸಿದ ಶಿಕ್ಷಣ ಸಂಸ್ಥೆಗಳು. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಚುಕ್ಕಾಣಿ ಹಿಡಿದಾಗ ಅವರು ಬೆಂಗಳೂರಿನಲ್ಲೇ ನಿಲ್ಲಲಿಲ್ಲ. ತಾವು ನಡೆದು ಹೋದ ದಾರಿಯನ್ನು ಇನ್ನೊಬ್ಬ ಹುಡುಗ ನಡೆಯಬಾರದೆಂದು ಗೌರಿಬಿದನೂರಿಗೆ, ಬಾಗೇಪಲ್ಲಿಗೆ ಕಾಲೇಜು ತಂದರು. ಒಂದು ಕಟ್ಟಡಕ್ಕೆ ಎಷ್ಟು ಇಟ್ಟಿಗೆ ಎಂದು ಲೆಕ್ಕ ಕೇಳುವಷ್ಟೇ ಸಹಜವಾಗಿ ಪವಾಡಕ್ಕೂ ಪುರಾವೆ ಕೇಳಿದರು. ನನ್ನ ತಲೆಮಾರಿನ ಎಷ್ಟೋ ಮೇಷ್ಟರು ಪ್ರಶ್ನೆ ಕೇಳುವ ಧೈರ್ಯ ಕಲಿತದ್ದು ಅವರಿಂದ. 2005ರ ಜನವರಿ 31ರಂದು ಅವರು ತೀರಿಕೊಂಡಾಗ ಈ ಸೀಮೆಯ ಶಾಲೆಗಳಲ್ಲಿ ಮನೆಯ ಹಿರಿಯರು ಹೋದಂತಾಯಿತು.

ಶಾಲೆಯ ಆಡಳಿತಕ್ಕೆ ಬಂದವನು ಏನನ್ನೂ ಮನೆಗೆ ಕೊಂಡೊಯ್ಯಬಾರದು, ಬಂದ ದಾರಿಯನ್ನು ಮರೆಯಬಾರದು, ಲೆಕ್ಕ ಕೇಳಲು ನಾಚಬಾರದು. ನಾನು ಮುಖ್ಯ ಶಿಕ್ಷಕನಾದ ಮೇಲೆ ಹೊಸ ಸದಸ್ಯರಿಗೆ ಮೊದಲ ಸಭೆಯಲ್ಲಿ ಹೇಳುತ್ತಿದ್ದುದು ಈ ಮೂರೇ ಮಾತು. ಅವು ಎಚ್ಚೆನ್ ಅವರ ಬಾಳಿನಿಂದ ನಾನು ತೆಗೆದುಕೊಂಡವು.

ಜಿಲ್ಲಾ ಪರಿಷತ್ತು ಬಂತು, ಹೋಯಿತು

ರಾಜ್ಯ ಒಂದಾದ ಮೇಲೆ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಎಲ್ಲ ಭಾಗಗಳಿಗೂ ಒಂದೇ ನಿಯಮ ತಂದಿತು. ಶಾಲೆಗಳು ಇಲಾಖೆಯ ಕೈಯಲ್ಲಿದ್ದವು. ಊರಿನವರಿಗೆ ಉಳಿದದ್ದು ಜಾಗ ಕೊಡುವುದು, ಹೆಂಚು ಹೊದಿಸಲು ಚಂದಾ ಎತ್ತುವುದು, ಸ್ವಾತಂತ್ರ್ಯ ದಿನಕ್ಕೆ ಮಿಠಾಯಿ ಹಂಚುವುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಮೇಷ್ಟರೊಬ್ಬರು ಹೇಳಿದ್ದರು, ‘ಊರಿನವರನ್ನು ಶಾಲೆಯ ಜಗಲಿವರೆಗೆ ಬಿಟ್ಕೋ, ಒಳಗೆ ಬಿಟ್ಕೋಬೇಡ’ ಎಂದು. ಅವರು ಕೆಟ್ಟವರಲ್ಲ, ಚೆನ್ನಾಗಿ ಪಾಠ ಹೇಳುತ್ತಿದ್ದರು. ಆ ಕಾಲದ ನಡೆಯೇ ಹಾಗಿತ್ತು.

1983ರ ಜಿಲ್ಲಾ ಪರಿಷತ್ ಕಾಯ್ದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಗಾಳಿ ಬದಲಾಯಿತು. ಈ ಕಾಯ್ದೆಯ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಯ ಜನರಿಗೆ ಕೊಳವೆಬಾವಿ ಕೊಟ್ಟವರೆಂದು ಎಲ್ಲರಿಗೂ ನೆನಪಿದೆ. ನಮಗೆ, ಅಂದರೆ ಹಳ್ಳಿ ಶಾಲೆಯ ಮೇಷ್ಟರಿಗೆ, ಅವರು ಕೊಟ್ಟದ್ದು ಹತ್ತಿರದ ಯಜಮಾನನನ್ನು. ಪ್ರಾಥಮಿಕ ಶಾಲೆಗಳು ಜಿಲ್ಲಾ ಪರಿಷತ್ತಿನ ವ್ಯಾಪ್ತಿಗೆ ಬಂದವು. ಸ್ಥಾನಗಳಲ್ಲಿ ಶೇ 25ರಷ್ಟು ಮಹಿಳೆಯರಿಗೆ ಮೀಸಲಾದವು. ಪರಿಷತ್ತಿನ ಸದಸ್ಯರು ಸ್ಕೂಟರಿನಲ್ಲಿ ಶಾಲೆಗೆ ಬಂದು, ಬೆಲ್ಲಿನ ಹೊತ್ತಿಗೆ ಮೇಷ್ಟರು ಇದ್ದಾರೆಯೇ ಎಂದು ನೋಡತೊಡಗಿದರು. ಕೆಲವರಿಗೆ ಇದು ಕಸಿವಿಸಿ ತಂದಿತು. ನನಗೆ ಹಾಗನಿಸಲಿಲ್ಲ. ಬಿದ್ದ ಗೋಡೆಯ ಬಗ್ಗೆ ವರ್ಷಗಟ್ಟಲೆ ಅರ್ಜಿ ಬರೆದವನಿಗೆ, ಅದನ್ನು ಕಣ್ಣಾರೆ ಕಂಡು ಕೋಲಾರದ ಸಭೆಯಲ್ಲಿ ಕೇಳುವವರೊಬ್ಬರು ಸಿಕ್ಕಿದ್ದೇ ಸಮಾಧಾನ.

ಆ ಪರಿಷತ್ತುಗಳ ಅವಧಿ ಮುಗಿದ ಮೇಲೆ ಮತ್ತೆ ಆಡಳಿತಾಧಿಕಾರಿಗಳ ಕಾಲ. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ ಬಂತು, 1993ರ ಪಂಚಾಯತ್ ರಾಜ್ ಕಾಯ್ದೆ ಬಂತು, ಜಿಲ್ಲಾ ಪಂಚಾಯ್ತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯಕ್ಕೆ ಸ್ಥಾಯಿ ಸಮಿತಿಯಾಯಿತು. 2007ರಲ್ಲಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದಾಗ, ಕೋಲಾರಕ್ಕೆ ಬಸ್ಸು ಹಿಡಿಯುತ್ತಿದ್ದ ಗೌರಿಬಿದನೂರಿನವರಿಗೆ ಜಿಲ್ಲಾ ಕಚೇರಿ ಹತ್ತಿರವಾಯಿತು. ಇಷ್ಟಾದರೂ 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲಿ ಮುಗಿದಾಗ ಮುಂದಿನ ಚುನಾವಣೆ ವರ್ಷಗಟ್ಟಲೆ ನಡೆಯಲಿಲ್ಲ. ಶಾಲೆಯ ಬಗ್ಗೆ ಕೇಳುವ ಹಕ್ಕನ್ನು ಒಮ್ಮೆ ಕೊಟ್ಟರೆ ಸಾಲದು, ಅದನ್ನು ಪ್ರತಿ ಸಲವೂ ನೆನಪಿಸಿ ಕೇಳಿ ಪಡೆಯಬೇಕು ಎಂಬ ಪಾಠವನ್ನು ಈ ಸೀಮೆ ಮತ್ತೆ ಮತ್ತೆ ಕಲಿತಿದೆ.

ಶಿಕ್ಷಣದ ಹೆಸರಿನಲ್ಲಿ ನಡೆಯುವ ಇನ್ನೊಂದು ಚುನಾವಣೆಯ ಮಾತನ್ನೂ ಹೇಳಬೇಕು. ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಚಿತ್ರದುರ್ಗ, ದಾವಣಗೆರೆ, ತುಮಕೂರು, ಕೋಲಾರ ಜಿಲ್ಲೆಗಳ ಜೊತೆ ನಮ್ಮ ಜಿಲ್ಲೆಯೂ ಸೇರಿದೆ. ಆರು ವರ್ಷಕ್ಕೊಮ್ಮೆ ಅಭ್ಯರ್ಥಿಗಳು ಶಾಲೆಯಿಂದ ಶಾಲೆಗೆ ತಿರುಗುತ್ತಾರೆ. ಆದರೆ ಸಂವಿಧಾನದ 171ನೇ ವಿಧಿಯಂತೆ ಅಲ್ಲಿ ಮತ ಇರುವುದು ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನ ಹಂತದ ಶಿಕ್ಷಕರಿಗೆ ಮಾತ್ರ. ಒಂದನೇ ತರಗತಿಯ ಮಗುವಿಗೆ ಅಕ್ಷರ ತಿದ್ದಿಸುವ ಮೇಷ್ಟರಿಗೆ ಅಲ್ಲಿ ಮತವಿಲ್ಲ, ಆ ಮಗುವಿನ ತಾಯಿಗೂ ಇಲ್ಲ. ಆ ತಾಯಿ ಮತ ಹಾಕುವ ಶಾಲಾ ಚುನಾವಣೆ ಒಂದೇ ಒಂದು.

ಮಗುವಿನ ಹೆಸರಲ್ಲಿ ಸಿಕ್ಕ ಹುದ್ದೆ

ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯ ಬೆನ್ನಿಗೇ 2001ರ ಏಪ್ರಿಲ್ 28ರಂದು ಸರ್ಕಾರದ ಆದೇಶವೊಂದು ಹೊರಬಿತ್ತು. ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರಬೇಕು, ಅದರಲ್ಲಿ ಪೋಷಕರೇ ಆರಿಸಿದ ಪೋಷಕರಿರಬೇಕು ಎಂದು ಅದು ಹೇಳಿತು. ಆ ಉದ್ದನೆಯ ಹೆಸರನ್ನು ಊರಿನವರು ಯಾರೂ ಹೇಳುವುದಿಲ್ಲ. ಎಲ್ಲರ ಬಾಯಲ್ಲೂ ಅದು ಎಸ್‌ಡಿಎಂಸಿ. 2006ರ ಮಾದರಿ ಉಪವಿಧಿಗಳು ಈ ಸಮಿತಿಯನ್ನು ಗ್ರಾಮ ಪಂಚಾಯ್ತಿಯ ಚೌಕಟ್ಟಿಗೆ ಜೋಡಿಸಿದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ನು ಇದಕ್ಕೆ ದೇಶದ ಕಾನೂನಿನ ಬಲ ಕೊಟ್ಟಿತು. ಸಮಿತಿಯ ಮುಕ್ಕಾಲು ಪಾಲು ತಂದೆತಾಯಿಗಳಿರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪಾಲು ಸಿಗಬೇಕು. ಆಮೇಲಿನ ನಿಯಮದಂತೆ ನಮ್ಮ ಶಾಲೆಗಳಲ್ಲಿ 18 ಪೋಷಕ ಸದಸ್ಯರನ್ನು ಆರಿಸುವುದು ರೂಢಿಗೆ ಬಂತು.

ಈ ಹುದ್ದೆಯ ಒಂದು ಗುಣ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಶಾಸಕನಿಗೆ ತನ್ನ ಹೆಸರಲ್ಲಿ ಹುದ್ದೆ, ಪಂಚಾಯ್ತಿ ಸದಸ್ಯನಿಗೆ ಮತದಾರರ ಪಟ್ಟಿಯ ಬಲದಲ್ಲಿ ಹುದ್ದೆ. ಎಸ್‌ಡಿಎಂಸಿ ಸದಸ್ಯನಿಗೆ ಮಾತ್ರ ತನ್ನ ಮಗುವಿನ ಹೆಸರಲ್ಲಿ ಹುದ್ದೆ. ಮಗು ಆ ಶಾಲೆಯಲ್ಲಿರುವ ತನಕ ಮಾತ್ರ ಅವನು ಸದಸ್ಯ. ಮಗುವನ್ನು ಕಾನ್ವೆಂಟಿಗೆ ಸೇರಿಸಿದರೆ ಅಂದೇ ಕುರ್ಚಿ ಖಾಲಿ. ತನ್ನ ಮಗುವನ್ನು ಕೂರಿಸದ ಬೆಂಚಿನ ಬಗ್ಗೆ ಯಾರೂ ಮಾತಾಡಬಾರದೆಂಬ ನ್ಯಾಯ ಇದರಲ್ಲಿದೆ. ಇಷ್ಟು ನೇರವಾದ ನ್ಯಾಯವನ್ನು ನಾನು ಬೇರೆ ಯಾವ ಚುನಾವಣೆಯಲ್ಲೂ ಕಂಡಿಲ್ಲ.

ಹುಳು ಹಣ್ಣಾಗದ ದಿನ ನೋಡಿ

ಶಾಲೆಯ ಚುನಾವಣೆಗೆ ಚಿಹ್ನೆಯಿಲ್ಲ, ಠೇವಣಿಯಿಲ್ಲ, ಮೈಕಿನ ಗಾಡಿಯಿಲ್ಲ. ಆದರೆ ಪ್ರಚಾರವಿಲ್ಲವೆಂದು ಹೇಳಲಾರೆ. ಶಿಡ್ಲಘಟ್ಟ ತಾಲ್ಲೂಕಿನಲ್ಲಿದ್ದಾಗ ಪೋಷಕರ ಸಭೆಯ ದಿನ ಗೊತ್ತುಮಾಡುವುದೇ ಒಂದು ವಿದ್ಯೆಯಾಗಿತ್ತು. ಮನೆಮನೆಗೂ ರೇಷ್ಮೆಯ ಹುಳುಮನೆ. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅದಕ್ಕೆ ಹಗಲು ರಾತ್ರಿ ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಮದುವೆಯಿದ್ದರೂ ಜನ ಏಳುವುದಿಲ್ಲ. ಗೂಡಿನ ಮಾರುಕಟ್ಟೆಗೆ ಹೋದ ದಿನ ಗಂಡಸರು ಸಂಜೆಯವರೆಗೆ ಸಿಗುವುದಿಲ್ಲ. ಆದ್ದರಿಂದ ನಾನು ನೋಟೀಸು ಬರೆಯುವ ಮುಂಚೆ ಹತ್ತು ಮನೆಯ ಹುಳುಮನೆಗೆ ಇಣುಕಿ, ಯಾವ ಜ್ವರದಲ್ಲಿದೆ ಎಂದು ಕೇಳಿ ದಿನ ಹಾಕುತ್ತಿದ್ದೆ. ಚಿಂತಾಮಣಿಯ ಕಡೆ ಟೊಮೆಟೊ ಬಿಡಿಸುವ ವಾರ ತಪ್ಪಿಸಬೇಕಿತ್ತು. ಗೌರಿಬಿದನೂರಿನ ಹಳ್ಳಿಗಳಲ್ಲಿ ಕಡಲೆಕಾಯಿ ಕೀಳುವ ಕಾಲಕ್ಕೆ ಸಭೆ ಕರೆದರೆ ಬೆಂಚುಗಳಷ್ಟೇ ಇರುತ್ತಿದ್ದವು. ಕೋರಂ ಇಲ್ಲದ ಸಭೆಗಳ ಬಗ್ಗೆ ಜನರ ನಿರಾಸಕ್ತಿ ಎಂದು ವರದಿ ಬರೆಯುವ ಮುಂಚೆ, ನಾವು ಅವರ ದುಡಿಮೆಯ ಪಂಚಾಂಗ ನೋಡಿದೆವೆಯೇ ಎಂದು ಕೇಳಿಕೊಳ್ಳಬೇಕು.

ಭಾಷೆಯ ವಿಷಯವೂ ಇದೆ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಮನೆಯಲ್ಲಿ ಶಾಲೆಗೆ ‘ಬಡಿ’ ಎನ್ನುವ ಅಜ್ಜಿ, ಅಂಗಳಕ್ಕೆ ಬಂದ ಮೇಷ್ಟರನ್ನು ‘ಅಯ್ಯವಾರು’ ಎಂದು ಕರೆದು ಚಾಪೆ ಹಾಸುತ್ತಾಳೆ. ಚಿಂತಾಮಣಿ, ಶಿಡ್ಲಘಟ್ಟ ಪಟ್ಟಣಗಳ ಉರ್ದು ಶಾಲೆಗಳಲ್ಲಿ ಸಭೆ ಉರ್ದುವಿನಲ್ಲಿ ಸಾಗಿ ನಡಾವಳಿ ಕನ್ನಡದಲ್ಲಿ ಆಗುತ್ತದೆ. ಮತ ಕೇಳುವವರು ಸಂಜೆ ಹೊತ್ತು ಮನೆಮನೆಗೆ ಹೋಗಿ, ಅವರವರ ಮಾತಿನಲ್ಲಿ ಕೇಳುತ್ತಿದ್ದರು: ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಹಾಕಿಸುತ್ತೇನೆ, ಗಣಿತಕ್ಕೆ ಮೇಷ್ಟರನ್ನು ಕೇಳಿ ತರುತ್ತೇನೆ, ಫ್ಲೋರೈಡಿನ ನೀರು ಬಿಡಿಸಿ ಒಳ್ಳೆಯ ನೀರು ಕೊಡಿಸುತ್ತೇನೆ. ಸಾವಿರ ಅಡಿ ಕೊರೆದರೂ ನೀರು ಸಿಗದ, ಸಿಕ್ಕ ನೀರಿನಲ್ಲಿ ಫ್ಲೋರೈಡಿರುವ ಊರುಗಳಲ್ಲಿ ಮಕ್ಕಳ ಹಲ್ಲು ನೋಡಿದರೆ ಸಾಕು, ಆ ಭರವಸೆಯ ಬೆಲೆ ತಿಳಿಯುತ್ತದೆ.

ಸಭೆಯ ದಿನ ಕೆಲವು ಊರುಗಳಲ್ಲಿ ಕೈಯೆತ್ತಿ ಆರಿಸಿದರು. ಪೈಪೋಟಿ ಇದ್ದ ಕಡೆ ಚೀಟಿ ಬರೆಸಿದೆವು. ಡೇರಿ ಎಲೆಕ್ಷನ್ನಿನ ಎರಡು ಗುಂಪುಗಳು ಶಾಲೆಯ ಅಂಗಳದಲ್ಲಿ ಎದುರುಬದುರಾಗಿ ಕುಳಿತದ್ದೂ ಉಂಟು. ಹೆಚ್ಚಿನ ಊರುಗಳಲ್ಲಿ ಅವಿರೋಧ ಆಯ್ಕೆ. ಅದರಲ್ಲಿ ಒಳ್ಳೆಯದೂ ಇದೆ, ನೋವೂ ಇದೆ. ಊರಿನವರೆಲ್ಲ ಕುಳಿತು ಯೋಗ್ಯರನ್ನು ಹೆಸರಿಸಿದರೆ ಅದು ಒಮ್ಮತ. ಹಿಂದಿನ ರಾತ್ರಿ ಯಾರದೋ ಜಗಲಿಯಲ್ಲಿ ಪಟ್ಟಿ ಬರೆದು ತಂದು ಓದಿದರೆ ಅದು ಒಮ್ಮತವಲ್ಲ. ಅಂಥ ಪಟ್ಟಿಗೆ ಒಂದು ಸಲ ನಾನೂ ಸುಮ್ಮನೆ ಸಹಿ ಹಾಕಿದೆ. ಕೇರಿಯ ಕಡೆಯ ತಾಯಂದಿರು ಬಾಗಿಲ ಆಚೆಯೇ ನಿಂತಿದ್ದರು, ಅವರನ್ನು ಒಳಗೆ ಕರೆದು ಕೂರಿಸುವಷ್ಟು ಗಟ್ಟಿತನ ಆ ದಿನ ನನ್ನಲ್ಲಿರಲಿಲ್ಲ. ಆ ತಪ್ಪು ನನ್ನದು, ಅದನ್ನು ಈ ಸಂಚಿಕೆಯಲ್ಲಿ ಬರೆದು ಒಪ್ಪಿಕೊಳ್ಳುತ್ತೇನೆ.

ಒಬ್ಬ ಸದಸ್ಯರ ದಾರಿ

ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಒಬ್ಬ ಸದಸ್ಯರ ಕಥೆ ಹೇಳಿದರೆ ಉಳಿದ ನೂರಾರು ಜನರ ಕಥೆಯನ್ನೂ ಹೇಳಿದಂತಾಗುತ್ತದೆ. ಎರಡು ಎಕರೆ ಹಿಪ್ಪುನೇರಳೆ ತೋಟದ ರೈತ, ತಾವು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಮಗಳು ಎರಡನೇ ತರಗತಿಯಲ್ಲಿದ್ದಾಗ ಮೊದಲ ಸಲ ನಿಂತರು, ಕೈಯೆತ್ತಿದ ಲೆಕ್ಕದಲ್ಲಿ ಸೋತರು. ಸೋತವರು ಮಾರನೆಯ ದಿನ ಶಾಲೆಗೆ ಬಂದರು. ‘ಸದಸ್ಯ ಆಗ್ಲಿಲ್ಲ ಸಾರ್, ಆದ್ರೆ ಮಗಳು ಇಲ್ಲೇ ಓದ್ತಾಳಲ್ಲ’ ಎಂದು ಹೇಳಿ ಮುರಿದಿದ್ದ ಗೇಟಿಗೆ ತಂತಿ ಸುತ್ತಿ ಹೋದರು. ಮೂರು ವರ್ಷ ಹೀಗೆಯೇ ಬಂದು ಹೋದರು. ಮುಂದಿನ ಚುನಾವಣೆಗೆ ಅವರು ಯಾರ ಮನೆಗೂ ಹೋಗಲಿಲ್ಲ. ಗೇಟೇ ಅವರ ಪರವಾಗಿ ಪ್ರಚಾರ ಮಾಡಿತ್ತು. ಸದಸ್ಯರಾದರು, ಆಮೇಲೆ ಸಮಿತಿಯವರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು.

ಮುಖ್ಯ ಶಿಕ್ಷಕ ಮತ್ತು ಅಧ್ಯಕ್ಷರ ಜಂಟಿ ಖಾತೆಯ ಚೆಕ್ಕಿಗೆ ಅವರು ಸಹಿ ಹಾಕುವಾಗ ಐದು ನಿಮಿಷ ಬೇಕಾಗುತ್ತಿತ್ತು. ಒಂದೊಂದು ಅಕ್ಷರವನ್ನೂ ತಿದ್ದಿ ಬರೆಯುತ್ತಿದ್ದರು. ಸರ್ವ ಶಿಕ್ಷಣ ಅಭಿಯಾನದ ಕೊಠಡಿ ಕಟ್ಟುವಾಗ ಮರಳಿನ ಲೋಡು ಬಂದ ರಾತ್ರಿ ಶಾಲೆಯಲ್ಲೇ ಮಲಗಿದರು. ಕ್ಯೂರಿಂಗ್ ಸರಿಯಾಗಲೆಂದು ಮಕ್ಕಳಿಗೆ ಹೇಳದೆ ತಾವೇ ಗೋಡೆಗೆ ನೀರು ಹೊಡೆದರು. ಅಕ್ಷರ ದಾಸೋಹದ ಅಕ್ಕಿ ಬಂದ ದಿನ ಚೀಲ ಎಣಿಸದೆ ಸಹಿ ಹಾಕುತ್ತಿರಲಿಲ್ಲ. ಒಂದು ದಿನ ತಂದವರು ಸ್ವಲ್ಪ ಗದರಿದರು. ಇವರು ಧ್ವನಿ ಏರಿಸಲಿಲ್ಲ. ‘ಸ್ವಾಮಿ, ಓದೋದು ನಂಗೆ ಅಷ್ಟಕ್ಕಷ್ಟೆ. ಎಣಿಸೋದು ಚೆನ್ನಾಗ್ ಬರ್ತದೆ’ ಎಂದರು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯದ ಹಾಲು ಆರಂಭವಾದಾಗ ಮೊದಲ ದಿನ ಕುದಿಸಿದ ಹಾಲನ್ನು ತಾವು ಕುಡಿದು ನೋಡಿ ಮಕ್ಕಳಿಗೆ ಬಡಿಸಲು ಹೇಳಿದರು.

ಅವರ ದೊಡ್ಡ ಕೆಲಸ ಯಾವ ಲೆಕ್ಕಪತ್ರದಲ್ಲೂ ಇಲ್ಲ. ರೇಷ್ಮೆ ಬಿಚ್ಚುವ ಕಡೆ ಕೂಲಿಗೆ ಹೋಗುತ್ತಿದ್ದ ಇಬ್ಬರು ಹುಡುಗರು ವಾರಗಟ್ಟಲೆ ಶಾಲೆಗೆ ಬಂದಿರಲಿಲ್ಲ. ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸದಲ್ಲಿ ಬೆರಳು ಬೆಂದು ಸಿಪ್ಪೆ ಏಳುತ್ತದೆ. ನಾನು ಎರಡು ಸಲ ಮನೆಗೆ ಹೋಗಿ ಬರಿಗೈಯಲ್ಲಿ ಬಂದಿದ್ದೆ. ಅಧ್ಯಕ್ಷರು ಹೋಗಿ ಆ ತಂದೆಯ ಜೊತೆ ಕುಳಿತು, ಮುಂಗಡ ಸಾಲ ಎಷ್ಟೆಂದು ಕೇಳಿದರು. ಸಮಿತಿಯ ನಾಲ್ಕು ಜನ ಸೇರಿ ಅದನ್ನು ತೀರಿಸುವ ದಾರಿ ಮಾಡಿದರು. ಹುಡುಗರು ಮರಳಿ ಬಂದರು. ಮೇಷ್ಟರ ಮಾತಿಗೆ ತೆರೆಯದ ಬಾಗಿಲು ಇನ್ನೊಬ್ಬ ರೈತನ ಮಾತಿಗೆ ತೆರೆಯುತ್ತದೆ. ಈ ಸಮಿತಿಯಲ್ಲಿ ಪೋಷಕರೇ ಏಕಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಇಬ್ಬರು ಹುಡುಗರನ್ನು ನೆನೆಯುತ್ತೇನೆ.

ಅವರ ಮಗಳು ಪ್ರೌಢಶಾಲೆಗೆ ಹೋದ ವರ್ಷ ಅಧ್ಯಕ್ಷಗಿರಿ ಮುಗಿಯಿತು. ಕಚೇರಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಬಿಟ್ಟು ತರಗತಿಯ ಹೊಸಿಲಿಗೆ ಕೈಮುಗಿದು ಹೋದರು. ಮುಂದೆ ಗ್ರಾಮ ಪಂಚಾಯ್ತಿಗೆ ನಿಂತು ಗೆದ್ದರೆಂದು ಕೇಳಿದೆ. ಎಸ್‌ಡಿಎಂಸಿಯಲ್ಲಿ ಪಳಗಿ ಪಂಚಾಯ್ತಿಗೆ ಹೋದವರು ನಮ್ಮ ಸೀಮೆಯಲ್ಲಿ ಬಹಳ ಮಂದಿ ಇದ್ದಾರೆ. ನಡಾವಳಿ ಓದುವುದು, ಕ್ರಿಯಾಯೋಜನೆ ಬರೆಸುವುದು, ಬಿಲ್ಲು ನೋಡಿ ಸಹಿ ಹಾಕುವುದು, ಇವೆಲ್ಲ ಅವರಿಗೆ ಮೊದಲು ಕಲಿಸಿದ್ದು ಮಕ್ಕಳು ಕೂರುವ ಬೆಂಚು.

ಹೆಬ್ಬೆಟ್ಟು, ಸಹಿ, ಮಾತು

ಮೊದಲಿನ ನಡಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರಿದೆ, ಮಾತಿಲ್ಲ. ಗಂಡ ಬಂದು ಕುಳಿತು, ಪುಸ್ತಕವನ್ನು ಮನೆಗೆ ಒಯ್ದು ಹೆಬ್ಬೆಟ್ಟು ಹಾಕಿಸಿ ತಂದುಕೊಡುವ ಪದ್ಧತಿ ಇತ್ತು. ನಾವು ಮೇಷ್ಟರೂ ಅದನ್ನು ಒಪ್ಪಿಕೊಂಡೆವು. ಅರ್ಧ ಸ್ಥಾನ ಕಡ್ಡಾಯವಾದ ಮೇಲೆ, ಸ್ತ್ರೀಶಕ್ತಿ ಸಂಘಗಳಲ್ಲಿ ಲೆಕ್ಕ ಬರೆದು ಕಲಿತ ತಾಯಂದಿರು ಬರತೊಡಗಿದ ಮೇಲೆ ಸಭೆಯ ವಿಷಯವೇ ಬದಲಾಯಿತು. ಗಂಡಸರ ಸಭೆಗಳಲ್ಲಿ ಕಾಂಪೌಂಡು, ಧ್ವಜಕಟ್ಟೆ, ಕಮಾನಿನ ಮಾತು ಹೆಚ್ಚು. ತಾಯಂದಿರು ಬಂದ ಮೇಲೆ ಸಾರಿನಲ್ಲಿ ಬೇಳೆ ಎಷ್ಟು ಎಂದು ಕೇಳಿದರು. ದೊಡ್ಡ ಹುಡುಗಿಯರು ತಿಂಗಳಲ್ಲಿ ನಾಲ್ಕು ದಿನ ಏಕೆ ಬರುವುದಿಲ್ಲ ಎಂದು ಕೇಳಿದರು, ಶೌಚಾಲಯದ ಚಿಲಕವನ್ನು ತೋರಿಸಿದರು. ಆ ಚಿಲಕದ ವಿಷಯ ನಮ್ಮ ನಡಾವಳಿ ಪುಸ್ತಕದಲ್ಲಿ ಮೂರು ಸಭೆಗಳಲ್ಲಿ ಸತತವಾಗಿ ಬಂದಿದೆ. ನಾಲ್ಕನೆಯ ಸಭೆಯಲ್ಲಿ ಇಲ್ಲ, ಏಕೆಂದರೆ ಚಿಲಕ ಬಂದಿತ್ತು.

ಕಾನೂನು ಇದ್ದೂ ಕೊರತೆಗಳು ಉಳಿದಿವೆ. ಸಮಿತಿಗೆ ಹೊಣೆಯಿರುವಷ್ಟು ಅಧಿಕಾರವಿಲ್ಲ. ಮೇಷ್ಟರ ಕೊರತೆಯನ್ನು ನಡಾವಳಿಯಲ್ಲಿ ಬರೆಯಬಹುದು,  ಮೇಷ್ಟರನ್ನು ತರಲಾಗದು. ಸದಸ್ಯರಿಗೆ ತರಬೇತಿಯೆಂದರೆ ಒಂದೆರಡು ದಿನದ ಸಭೆ. ಮಕ್ಕಳ ಸಂಖ್ಯೆ ಇಳಿದ ಶಾಲೆಗಳಲ್ಲಿ 18 ಪೋಷಕರನ್ನು ಹುಡುಕುವುದೇ ಕಷ್ಟವಾಗಿದೆ. ಬೆಳಗ್ಗೆ ಊರಿನ ಕ್ರಾಸಿನಲ್ಲಿ ಹಳದಿ ಬಸ್ಸುಗಳು ಬಂದು ನಿಂತಾಗ, ಮತ ಹಾಕಬೇಕಾದ ತಂದೆತಾಯಿಗಳ ಪಟ್ಟಿಯೂ ಆ ಬಸ್ಸಿನಲ್ಲೇ ಹೊರಟುಹೋಗುತ್ತದೆ. ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವವರನ್ನು ನಾನು ದೂರುವುದಿಲ್ಲ. ಆದರೆ ಫೀಸು ಕಟ್ಟಿದ ಶಾಲೆಯಲ್ಲಿ ಅವರು ಗಿರಾಕಿ, ನಮ್ಮ ಶಾಲೆಯಲ್ಲಿ ಅವರು ಒಡೆಯರಾಗಿದ್ದರು. ಈ ವ್ಯತ್ಯಾಸವನ್ನು ಅವರಿಗೆ ಸಮಯಕ್ಕೆ ಸರಿಯಾಗಿ ತಿಳಿಸದೆ ಹೋದದ್ದು ನಮ್ಮೆಲ್ಲರ ಲೋಪ.

ಒಂದು ಹಲಗೆಗಾಗಿ ಬಿನ್ನಹ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಹಳ್ಳಿಯ ಜನರ ಮೇಲೆ ಗುಂಡು ಹಾರಿತು. ಆಳುವವರು ತಮಗೆ ಉತ್ತರ ಹೇಳಬೇಕೆಂಬುದು ಆ ಕಾಲದ ಹೋರಾಟಗಾರರ ಬೇಡಿಕೆಯಾಗಿತ್ತು. ಮಕ್ಕಳನ್ನು ಪ್ರವಾಸಕ್ಕೆ ಅಲ್ಲಿಗೆ ಕರೆದೊಯ್ದಾಗಲೆಲ್ಲ ನಾನು ಹೇಳುತ್ತಿದ್ದೆ: ನಿಮ್ಮ ಅಪ್ಪ ಅಮ್ಮ ನಮ್ಮ ಶಾಲೆಯ ಅಂಗಳದಲ್ಲಿ ಕುಳಿತು ಮೇಷ್ಟರನ್ನು ಲೆಕ್ಕ ಕೇಳುತ್ತಾರಲ್ಲ, ಆ ಹಕ್ಕಿನ ದಾರಿ ಈ ಅಶ್ವತ್ಥದ ಕಟ್ಟೆಯ ಪಕ್ಕದಿಂದಲೇ ಬಂದಿದೆ.

1930ರಲ್ಲಿ ಕೊಟ್ಟದ್ದನ್ನು 1941ರಲ್ಲಿ ತೆಗೆದುಕೊಂಡರು. 1987ರಲ್ಲಿ ಆರಿಸಿದ ಪರಿಷತ್ತು ಅವಧಿ ಮುಗಿದ ಮೇಲೆ ಅಧಿಕಾರಿಗಳ ಕೈಗೆ ಹೋಯಿತು. 2021ರ ನಂತರ ಜಿಲ್ಲಾ ಪಂಚಾಯ್ತಿಯ ಕುರ್ಚಿಗಳು ಖಾಲಿ ಉಳಿದವು. ಈ ಏರಿಳಿತಗಳ ನಡುವೆ 2001ರಲ್ಲಿ ಬಂದ ಶಾಲೆಯ ಪೋಷಕರ ಸಭೆ ಮಾತ್ರ, ಸೊರಗಿದರೂ, ನಡೆದುಕೊಂಡು ಬಂದಿದೆ. ಅದನ್ನು ಉಳಿಸಿದವರು ಕೂಲಿ ಬಿಟ್ಟು ಬಂದ, ಸೊಪ್ಪು ಹಾಕಿ ಓಡಿಬಂದ, ಚಹಾ ಕೂಡ ಕುಡಿಯದೆ ಸಹಿ ಹಾಕಿ ಹೋದ ತಂದೆತಾಯಿಗಳು.

ಆದ್ದರಿಂದ ಈ ಸಂಚಿಕೆಯ ಸಂಪಾದಕ ಮಂಡಳಿಯವರಲ್ಲಿ ನನ್ನದೊಂದು ಬಿನ್ನಹ. ನಡಾವಳಿ ಪುಸ್ತಕಗಳಿಗೆ ಹೊಸ ದಾರ ಹೊಲಿಸಿ, ಗೆದ್ದಲು ಹತ್ತದ ಕಡೆ ಇಡಿಸಿ. ಅವುಗಳಲ್ಲಿರುವ ಸದಸ್ಯರ ಹೆಸರನ್ನೆಲ್ಲ ವರ್ಷವಾರು ತೆಗೆದು, ಮುಖ್ಯ ಶಿಕ್ಷಕರ ಪಟ್ಟಿಯ ಪಕ್ಕದಲ್ಲಿ ಅದೇ ಅಳತೆಯ, ಅದೇ ಹಸಿರು ಬಣ್ಣದ ಹಲಗೆಯ ಮೇಲೆ ಬರೆಸಿ. ಹೆಬ್ಬೆಟ್ಟು ಒತ್ತಿದವರ ಹೆಸರೂ ಅದರಲ್ಲಿರಲಿ. ಗೋಡೆಯಲ್ಲಿ ಜಾಗ ಸಾಲದಿದ್ದರೆ ನನ್ನ ಹೆಸರಿರುವ ಹಲಗೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಮೊಳೆ ಹೊಡೆಯಿರಿ. ಹೊಸ ಹಲಗೆಯ ಕೆಳಭಾಗವನ್ನು ಖಾಲಿ ಬಿಡಿ. ಮುಂದಿನ ಪೋಷಕರ ಸಭೆಗೆ ದಿನ ಹಾಕುವ ಮುಂಚೆ ಹುಳು ಯಾವ ಜ್ವರದಲ್ಲಿದೆ ಎಂದು ಊರಲ್ಲಿ ಒಮ್ಮೆ ಕೇಳಿಬನ್ನಿ.